ತುಳುಕದ ಚಹಾ

ಕುವಾ ಸೆಂಗ್‌ಹೋ ಯಂತ್ರದ ತಲೆಯ ಮೇಲೆ ಅಂಗೈ ಇಟ್ಟ ಕೂಡಲೇ ಓಂಗ್‌ನ ಕಲ್ಲು ಕೊಯ್ಯುವ ಶೆಡ್ಡಿನಲ್ಲಿ ಎಲ್ಲರ ಉಸಿರೂ ನಿಂತುಹೋಯಿತು. ಹೊರಗೆ ರಸ್ತೆಯ ಮೇಲೆ ಲಾರಿಗಳು ನಿಂತವು, ಲಾರಿಗಳ ಮೇಲಿದ್ದ ಕಲ್ಲಿನ ಬುದ್ಧರು ಕಣ್ಣು ಪೂರ್ತಿ ತೆರೆದು ನೋಡಿದರು, ಆಚೆ ಕಡಲು ಕೂಡ ಒಂದು ಅಲೆಯನ್ನು ಗಂಟಲಲ್ಲೇ ಹಿಡಿದುಕೊಂಡಿತು ಎಂದರೆ ಕಲ್ಲುಕುಟಿಗರ ಈ ಹುಯಿಆನ್ ಸೀಮೆಯಲ್ಲಿ ಯಾರೂ ಅದನ್ನು ಸುಳ್ಳೆನ್ನುವುದಿಲ್ಲ. ಆ ಅಂಗೈಯ ಮರ್ಯಾದೆ ಅಂಥದ್ದು.

ಈ ಊರಿನಲ್ಲಿ ಮನುಷ್ಯರಿಗಿಂತ ಕಲ್ಲಿನ ಸಿಂಹಗಳೇ ಹೆಚ್ಚು. ಒಮ್ಮೆ ಜನಗಣತಿಗೆ ಬಂದವನು ಧೂಳಿನಲ್ಲಿ ಕಣ್ಣು ಕಾಣದೆ ಒಂದು ಬೀದಿಯ ಸಿಂಹಗಳನ್ನೆಲ್ಲ ಬರೆದುಕೊಂಡು ಹೋದ; ಮರುವರ್ಷ ಅವಕ್ಕೆ ಲಸಿಕೆ ಹಾಕಲು ನರ್ಸು ಬಂದಳು. ಇಂಥ ಊರಿನಲ್ಲಿ ಯಾವ ಕಲ್ಲು ಕೊಯ್ಯುವ ಯಂತ್ರಕ್ಕೆ ಹೊಸ ಚಕ್ರ ಕೂರಿಸಬೇಕಾದರೂ ಮೊದಲು ಕುವಾ ಬಂದು ಕೈ ಇಡಬೇಕಿತ್ತು. ಬೇರಿಂಗಿನೊಳಗೆ ಒಂದು ಗುಂಡು ಸವೆದಿದ್ದರೆ ಅದು ಎಡದ್ದೋ ಬಲದ್ದೋ ಎಂದು ಅವನು ಹೇಳುತ್ತಿದ್ದ. ಆ ಬೇರಿಂಗನ್ನು ಕೂರಿಸಿದ ಮೆಕ್ಯಾನಿಕ್ಕು ಆ ದಿನ ಹೆಂಡತಿಯ ಹತ್ತಿರ ಬೈಸಿಕೊಂಡು ಬಂದಿದ್ದನೋ ಇಲ್ಲವೋ ಎಂಬುದನ್ನೂ ಹೇಳುತ್ತಿದ್ದ, ಮೆಕ್ಯಾನಿಕ್ಕು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಿದ್ದ.

ಅದಕ್ಕೊಂದು ಕ್ರಮವಿತ್ತು. ಯಂತ್ರ ನಡೆಸುವವರು ಒಂದು ಸಣ್ಣ ಬಟ್ಟಲಿಗೆ ಅಂಚಿನ ತನಕ ಚಹಾ ತುಂಬಿ, ಯಂತ್ರದ ಚೌಕಟ್ಟಿನ ಮೇಲಿನ ಕಬ್ಬಿಣದ ತೊಲೆಯ ಮೇಲೆ ಇಟ್ಟು ಬರಬೇಕು. ಕಲ್ಲಿಲ್ಲದೆ ಚಕ್ರ ಬರಿದೇ ತಿರುಗುವಾಗ ಕುವಾ ಯಂತ್ರದ ತಲೆಯ ಮೇಲೆ ಅಂಗೈ ಇಡುತ್ತಾನೆ. ಚಹಾ ತುಳುಕಿದರೆ ತೊಲೆಯ ಬದಿಯಲ್ಲಿ ಗೆರೆ ಇಳಿಯುತ್ತದೆ. ಇಳಿದರೆ ಅಲ್ಲಿಗೆ ಮುಗಿಯಿತು. ಇಳಿಯದಿದ್ದರೆ, ಅಂಗೈಯೂ ಒಪ್ಪಿದರೆ, ಅವನು "ನಡೀತದೆ" ಎನ್ನುತ್ತಾನೆ. ಹಾಗಂದ ಮೇಲೆ ಚಕ್ರ ಮೊದಲ ಸಲ ಕಲ್ಲು ಮುಟ್ಟುವಾಗ ಅವನೇ ಚಕ್ರದ ನೇರಕ್ಕೆ ನಿಲ್ಲಬೇಕು, ಕಣ್ಣು ತೊಲೆಯ ಮೇಲಿಟ್ಟು. ಗೆರೆ ಕಂಡರೆ ಕೈ ಎತ್ತಿ ನಿಲ್ಲಿಸಬೇಕು; ನಿಲ್ಲಿಸದಿದ್ದರೆ ತಪ್ಪು ಅವನದು. ಮಾತು ಕೊಟ್ಟವನು ಮೈಯನ್ನೂ ಕೊಡಬೇಕು ಎಂಬುದು ಹಳಬರು ಮಾಡಿಟ್ಟ ಕಟ್ಟಳೆ. ಕುವಾ ಹಾಗೆ ಎಷ್ಟು ಚಕ್ರಗಳ ಮುಂದೆ ನಿಂತಿದ್ದನೆಂದರೆ, ಅವನ ಎದೆಯ ನೇರಕ್ಕೆ ಬಂದ ಚಕ್ರ ನಾಚಿಕೊಂಡು ತಾನೇ ಮೆಲ್ಲಗಾಗುತ್ತದೆ ಎಂದು ಹುಡುಗರು ನಂಬಿದ್ದರು.

ಈ ಹೊತ್ತು ಕೂರಿಸಿದ್ದು ಅಂಥಿಂಥ ಚಕ್ರವಲ್ಲ. ಅದನ್ನು ಲಾರಿಯಿಂದ ಇಳಿಸುವಾಗ ಭೂಮಿ ಒಂದು ಬೆರಳು ತಗ್ಗಿತು. ಓಂಗ್‌ನ ಹಳೆಯ ಯಂತ್ರ ಹುಟ್ಟಿದ್ದು ತೆಳ್ಳನೆಯ ಗರಗಸದ ಬಿಲ್ಲೆ ತಿರುಗಿಸುವುದಕ್ಕೆ, ಬಂಡೆಯನ್ನು ಹಲಗೆ ಹಲಗೆಯಾಗಿ ಸೀಳುವುದಕ್ಕೆ. ಇದು ಕೊಯ್ಯುವ ಚಕ್ರವಲ್ಲ, ಹೆರೆಯುವ ಚಕ್ರ. ಅಂಗೈಗಿಂತ ದಪ್ಪ, ಅಂಚಿನ ಸುತ್ತ ವಜ್ರದ ಪುಡಿ ಬೆರೆಸಿದ ಹಲ್ಲುಗಳು. ಬಂಡೆಯ ಮುಖವನ್ನು ಪದರ ಪದರವಾಗಿ ತಿಂದು ಕನ್ನಡಿಯಂತೆ ಸಪಾಟು ಮಾಡುವಂಥದ್ದು. ಒಂದು ದೊಡ್ಡ ದೇವಸ್ಥಾನದ ಮೆಟ್ಟಿಲು ಜಗಲಿಗಳ ಕೆಲಸ ಓಂಗ್‌ಗೆ ಸಿಕ್ಕಿತ್ತು. ಉಳಿ ಹಿಡಿದು ಕೂತರೆ ಅವನ ಮೊಮ್ಮಕ್ಕಳ ಕಾಲಕ್ಕೆ ಮುಗಿಯುವಷ್ಟು ಕಲ್ಲು.

ಬೆಳಿಗ್ಗೆ ಓಂಗ್ ಚಕ್ರದ ಜೊತೆ ಬಂದ ಕಾಗದವನ್ನು ಪಂಚಾಂಗದ ಹಾಗೆ ಓದಿದ್ದ. "ಮೋಟರಿಗೆ ಇಷ್ಟು ಶಕ್ತಿ ಬೇಕು ಅಂತಿದೆ, ನಮ್ಮದಕ್ಕೆ ಇದೆ. ಶಾಫ್ಟು ಇಷ್ಟು ದಪ್ಪ ಇರಬೇಕು, ಇದೆ. ನಿಧಾನಕ್ಕೆ ತಿರುಗಬೇಕು, ರಾಟೆ ಬದಲಾಯಿಸಿದೀನಿ. ನೀರು ಜಾಸ್ತಿ ಬೇಕು, ಎರಡನೇ ಪೈಪು ಹಾಕಿಸಿದೀನಿ. ಇನ್ನೇನಜ್ಜ?"

"ಈ ಯಂತ್ರಕ್ಕೆ ವಯಸ್ಸೆಷ್ಟು ಅಂತ ನಿನ್ನ ಕಾಗದದಲ್ಲಿ ಇದೆಯಾ?" ಎಂದಿದ್ದ ಕುವಾ.

"ನಿಮ್ಮಷ್ಟಿಲ್ಲ."

"ನನಗೆ ಗ್ರೀಸ್ ಹಚ್ಚೋಕೆ ಸೊಸೆ ಇದಾಳೆ. ಇದಕ್ಕೆ ಯಾರಿದಾರೆ?"

"ಇದಕ್ಕೂ ಅವಳೇ," ಎಂದು ಓಂಗ್ ನಕ್ಕಿದ್ದ.

ನಿಜವೇ. ಆ ಯಂತ್ರ ನಡೆಸುತ್ತಿದ್ದವಳು ಕುವಾನ ಸೊಸೆ ಸೋಚು. ಅವನ ಮಗ ಬೂನ್‌ಲೆಂಗ್ ಇದೇ ಶೆಡ್ಡಿನ ಹಿಂಬದಿಯಲ್ಲಿ, ಒಣ ಪಾಲಿಶ್ ಮಾಡುವ ಕೋಣೆಯಲ್ಲಿ ದುಡಿದು, ಎದೆಯಲ್ಲಿ ಕಲ್ಲಿನ ಪುಡಿ ತುಂಬಿಕೊಂಡು ಸತ್ತಿದ್ದ. ಕೊನೆಗೆ ಒಣಗಿ ಕಡ್ಡಿಯಾಗಿದ್ದ. ಆದರೂ ಅವನ ಶವದ ಪೆಟ್ಟಿಗೆ ಹೊತ್ತವರು ದಾರಿಯಲ್ಲಿ ಮತ್ತೆ ಮತ್ತೆ ಇಳಿಸಿ ಹೆಗಲು ಬದಲಾಯಿಸಿದರು, ಒಳಗೆ ಬಂಡೆ ಇಟ್ಟಷ್ಟು ಭಾರ ಎಂದು. ಅವನು ಹೋದ ಮೇಲೆ ಓಂಗ್ ಸೋಚುವನ್ನು ನೀರಿನಲ್ಲಿ ನಡೆಯುವ ಈ ಯಂತ್ರಕ್ಕೆ ಹಾಕಿದ. ನೀರಿದ್ದಲ್ಲಿ ಧೂಳಿಲ್ಲ. ಇವತ್ತು ಈ ಯಂತ್ರ ದೊಡ್ಡ ಚಕ್ರ ತಿರುಗಿಸಲಾರದು ಎಂದಾದರೆ ಓಂಗ್ ಇದನ್ನು ಗುಜರಿಗೆ ಹಾಕಿ ಕಂಪ್ಯೂಟರಿನ ಯಂತ್ರ ತರುತ್ತಾನೆ. ಅದಕ್ಕೆ ತಂತ್ರಶಾಲೆಯಲ್ಲಿ ಓದಿದ ಹುಡುಗರು ಬರುತ್ತಾರೆ. ಸೋಚುವಿಗೆ ಉಳಿಯುವುದು ಹಿಂಬದಿಯ ಕೋಣೆ. ಓಂಗ್ ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ, "ಪಾಲಿಶಿಗೆ ಜನ ಸಾಲ್ತಿಲ್ಲ ನೋಡು" ಎಂದಷ್ಟೇ ಅಂದಿದ್ದ.

ಅವತ್ತು ಬೆಳಿಗ್ಗೆ ಸೋಚು ಹಳದಿ ಬಿದಿರು ಟೋಪಿಯ ಕೆಳಗೆ ಕಟ್ಟಿದ್ದ ನೀಲಿ ಹೂವಿನ ತಲೆವಸ್ತ್ರ ಎಂದಿನಂತೆ ಹೆಗಲ ತನಕ ಬರದೆ ಕಿವಿಯ ಹತ್ತಿರವೇ ಮುಗಿದಿತ್ತು.

"ಏನಮ್ಮಾ, ಬಟ್ಟೆ ಮೊಟಕಾಗಿದೆ?"

"ಇಲಿ ಕಡೀತು ಮಾವ."

"ಇಲಿಗೂ ಹೂವಿನ ಬಟ್ಟೆ ಬೇಕಾಯ್ತಾ? ಮದುವೆ ಗಿದುವೆ ಇರಬೇಕು ಅದಕ್ಕೆ."

ಅವಳು ನಗಲಿಲ್ಲ. ಚಹಾದ ಬಟ್ಟಲನ್ನು ತಟ್ಟೆಯ ಮೇಲಿಟ್ಟುಕೊಂಡು ಏಣಿ ಹತ್ತಿದಳು. ಮೇಲೆ ಬೆನ್ನು ತಿರುಗಿಸಿಕೊಂಡು ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಇಳಿದಳು.

ಈಗ ಚಕ್ರ ಬರಿದೇ ತಿರುಗುತ್ತಿತ್ತು. ಕುವಾ ಕಣ್ಣು ಮುಚ್ಚಿದ. ಅಂಗೈಯಲ್ಲಿ ಏನೂ ಇರಲಿಲ್ಲ.

ಬೇರಿಂಗಿನ ಗುಂಡಿನ ಸದ್ದಿಲ್ಲ, ಶಾಫ್ಟಿನ ತೊನೆದಾಟವಿಲ್ಲ, ರಾಟೆಯ ಎಳೆತವಿಲ್ಲ. ತಣ್ಣಗಿದೆಯೋ ಬೆಚ್ಚಗಿದೆಯೋ ಅದೂ ಇಲ್ಲ. ಅವನ ಕೈ ಯಂತ್ರದ ಮೇಲೆ ಇತ್ತು ಎಂಬುದನ್ನು ಅವನು ಕಣ್ಣು ಬಿಟ್ಟು ನೋಡಿಯೇ ತಿಳಿಯಬೇಕಿತ್ತು.

ಇದು ಇವತ್ತಿನ ಮಾತಲ್ಲ. ಬೆರಳ ತುದಿಗಳು ಬೆಳ್ಳಗಾಗತೊಡಗಿ ವರ್ಷಗಳಾಗಿದ್ದವು. ಆಯುಷ್ಯವೆಲ್ಲ ಗಡಗಡಿಸುವ ಕಬ್ಬಿಣ ಹಿಡಿದ ಕೈ. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಒಲೆಯ ಮುಂದೆ ನಿಂತು ಗೆಣಸಿನ ಗಂಜಿ ತಿರುವುತ್ತಿದ್ದಾಗ ಕರಕಲು ವಾಸನೆ ಬಂತು. ಮೀನು ಸೀದಿತೇನೋ ಎಂದು ಅವನು ಒಲೆಯ ಮೇಲೆಲ್ಲ ಹುಡುಕಿದ. ಒಲೆಯ ಮೇಲೆ ಮೀನಿರಲಿಲ್ಲ. ಅವನ ಎಡಗೈಯ ಕಿರುಬೆರಳು ಕೆಂಡದ ಅಂಚಿಗೆ ಒರಗಿಕೊಂಡು ಕೂತಿತ್ತು. ಸೋಚು ಕೇಳಿದ್ದಕ್ಕೆ ಬೆಸುಗೆಯ ಕಿಡಿ ಹಾರಿತು ಎಂದ. ಆಮೇಲೂ ಅವನನ್ನು ಕರೆಯುವವರು ಕರೆದರು, ಅವನೂ ಹೋದ, ಕಣ್ಣು ಮುಚ್ಚಿ ಅಂಗೈ ಇಟ್ಟ, ಆಮೇಲೆ ಒಂದು ಕಣ್ಣು ಕೊಂಚವೇ ತೆರೆದು ತೊಲೆಯ ಬದಿ ನೋಡಿದ. ಗೆರೆ ಇಳಿದರೆ ಬೇಡ, ಇಳಿಯದಿದ್ದರೆ ನಡೀತದೆ. ಇಷ್ಟರ ತನಕ ಚಹಾ ಅವನನ್ನು ಕೈಬಿಟ್ಟಿರಲಿಲ್ಲ. ಊರಿನವರು ಮಾತ್ರ ಅವನ ಅಂಗೈ ವಯಸ್ಸಾದಷ್ಟೂ ಚುರುಕಾಗುತ್ತಿದೆ ಎಂದು ಹೊಗಳಿದರು. ಅವನೂ ಬೇಡವೆನ್ನಲಿಲ್ಲ. "ಮೊನ್ನೆ ಮೋಟರಿನೊಳಗೆ ಒಂದು ಇರುವೆ ನಡೆದದ್ದು ಗೊತ್ತಾಯ್ತು ಕಣ್ರೋ," ಎಂದಿದ್ದ ಚಹಾದಂಗಡಿಯಲ್ಲಿ. "ಆರು ಕಾಲಲ್ಲಿ ಒಂದು ಕುಂಟು."

"ಅಜ್ಜ, ನಿದ್ದೆ ಹೋದ್ರಾ?" ಓಂಗ್ ಕೇಳಿದ.

"ನಿಮ್ಮಪ್ಪನ ಕಾಲದಲ್ಲಿ ನೀನು ಇದೇ ಶೆಡ್ಡಲ್ಲಿ ಚಡ್ಡಿ ಇಲ್ದೆ ಓಡಾಡ್ತಿದ್ದೆ ಓಂಗ್. ಆಗಲೂ ಇಷ್ಟೇ ಅವಸರ ನಿಂದು."

ಸುತ್ತ ನಿಂತವರು ನಕ್ಕರು. ಕುವಾ ಒಂದು ಕಣ್ಣು ತೆರೆದ. ತೊಲೆಯ ಬದಿ ಒಣಗಿತ್ತು. ಮೇಲೆ ಬಟ್ಟಲಿನ ಬಿಳಿ ಅಂಚು ಹಲ್ಲಿನ ಹಾಗೆ ಕಾಣುತ್ತಿತ್ತು, ಅಲ್ಲಾಡದೆ. ಇಷ್ಟು ಭಾರದ ಚಕ್ರ ಹೊತ್ತೂ ಇಷ್ಟು ಹಳೆಯ ಯಂತ್ರ ಇಷ್ಟು ಸಮಾಧಾನವಾಗಿರುವುದೆಂದರೆ ಹೇಗೆ ಎಂದು ಅವನಿಗೆ ಒಂದು ಕ್ಷಣ ಅನಿಸಿತು. ಸೋಚುವನ್ನು ನೋಡಿದ. ಅವಳು ಸನ್ನೆಕೋಲಿನ ಹತ್ತಿರ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು, ಡಾಕ್ಟರು ಬಾಯಿ ತೆರೆಯುವುದನ್ನು ಕಾಯುವವರ ಹಾಗೆ.

"ಮಾವ, ಸರಿಯಾಗಿ ನೋಡಿ," ಎಂದಳು. "ಆತುರ ಏನಿಲ್ಲ. ನಿಮ್ಮ ಕೈ ಬೇಡ ಅಂದ್ರೆ ಬೇಡ."

"ನೋಡ್ದೆ."

"ಒಳಗಿನ ಬೇರಿಂಗು? ಅದೊಂದು..."

"ನೋಡ್ದೆ ಅಂದ್ನಲ್ಲ ಮಗಾ. ಹಸುಗೂಸಿನ ಎದೆ ಮೇಲೆ ಕೈ ಇಟ್ಟ ಹಾಗಿದೆ."

ಸೋಚು ಉಸಿರು ಬಿಟ್ಟಳು. ಅವಳ ಹೆಗಲುಗಳು ಇಳಿದದ್ದು ದೂರದಿಂದಲೇ ಕಂಡಿತು. ಕುವಾ ಅಂಗೈ ತೆಗೆದು ಶುಭಕ್ಕೆಂದು ತಂದಿದ್ದ ಕೆಂಪು ಬಟ್ಟೆಯ ಪಟ್ಟಿಯನ್ನು ಯಂತ್ರದ ಕಾಲಿಗೆ ಕಟ್ಟಿದ. ಗಂಟು ಬಿಗಿಯಾಯಿತೋ ಇಲ್ಲವೋ ಎಂದು ಕಣ್ಣಿನಿಂದ ನೋಡಿಕೊಂಡ.

"ನಡೀತದೆ," ಎಂದ.

ಓಂಗ್ ಪಟಾಕಿ ಸರಕ್ಕೆ ಬೆಂಕಿ ಇಟ್ಟ. ಅದರ ಸದ್ದಿಗೆ ಇಡೀ ಬೀದಿಯ ಸಿಂಹಗಳು ಒಂದು ಹೆಜ್ಜೆ ಹಿಂದೆ ಸರಿದವು. ಹೊಗೆ ಕಡಿಮೆಯಾಗುವುದರೊಳಗೆ ಬಂಡೆಯನ್ನು ಮೇಜಿನ ಮೇಲೆ ಏರಿಸಿ ಬೆಣೆ ಹೊಡೆದಿದ್ದರು. ಕುವಾ ನಡೆದು ಹೋಗಿ ಚಕ್ರದ ನೇರಕ್ಕೆ ನಿಂತ, ಒಂದು ಕೈಯನ್ನು ಯಂತ್ರದ ಹಳಿಯ ಮೇಲೆ ಊರಿ, ಫೋಟೊಗೆ ನಿಂತವರ ಹಾಗೆ. ಬೆಣೆ ಹೊಡೆದ ಸುತ್ತಿಗೆಯನ್ನೂ ಒಂದು ಸ್ಪ್ಯಾನರನ್ನೂ ಯಾರೋ ಅದೇ ಹಳಿಯ ಮೇಲೆ ಬಿಟ್ಟುಹೋಗಿದ್ದರು.

"ಅಜ್ಜ, ಸ್ವಲ್ಪ ಪಕ್ಕಕ್ಕೆ ನಿಂತ್ರೂ ಆಗುತ್ತೆ," ಎಂದ ಓಂಗ್. "ಈಗೆಲ್ಲ ಅಷ್ಟು ನೇಮ ಯಾರು ನೋಡ್ತಾರೆ."

"ಪಕ್ಕಕ್ಕೆ ನಿಂತ್ರೆ ಚಕ್ರಕ್ಕೆ ಬೇಜಾರಾಗುತ್ತೆ. ನಿಮ್ಮಪ್ಪನ ಮೊದಲನೇ ಚಕ್ರಕ್ಕೆ ನಿಂತಿದ್ದೂ ನಾನೇ. ಎದೆಗೆ ಕೆಸರು ಹಾರಿ ಅಂಗಿ ಮೇಲೆ ಡ್ರ್ಯಾಗನ್ನಿನ ಚಿತ್ರ ಬಂದಿತ್ತು. ನಿಮ್ಮಮ್ಮ ಅದನ್ನ ಒಗೀಬೇಡಿ ಅಂದಿದ್ರು."

ಸೋಚು ನೀರು ಬಿಟ್ಟಳು. ಎರಡು ಪೈಪುಗಳಿಂದ ನೀರು ಚಕ್ರದ ಮೇಲೆ ಸುರಿಯಿತು. ಸನ್ನೆಕೋಲು ಒತ್ತಿದಳು. ಚಕ್ರ ಇಳಿದು ಕಲ್ಲನ್ನು ಮುಟ್ಟಿತು.

ಆ ಸದ್ದಿಗೆ ಕಡಲಾಚೆಯ ಊರಿನಲ್ಲಿ ಮಕ್ಕಳು ಹಾಲು ಕಕ್ಕಿದರು. ಬೂದು ಕೆಸರು ಚಾಪೆಯಂತೆ ಎದ್ದು ಹಾರಿತು. ಚಕ್ರ ಮುಂದೆ ಸಾಗಿದ ಹಾಗೆ ಅದರ ಹಿಂದೆ ಬಂಡೆಯ ಮುಖ ನುಣ್ಣಗೆ, ಒದ್ದೆಯಾಗಿ, ಹೊಸದಾಗಿ ತೆರೆದುಕೊಳ್ಳುತ್ತ ಬಂತು. ಓಂಗ್ ಬಾಯಿ ತೆರೆದು ನಿಂತ. ಕುವಾ ತೊಲೆಯನ್ನು ನೋಡಬೇಕಿತ್ತು. ಆದರೆ ಓಂಗ್‌ನ ಮುಖ ನೋಡಿದ, ನೋಡಿ ನಕ್ಕ. ಹೇಗಿದೆ ಅಂಗೈ ಎಂದು ಕೇಳುವ ನಗು.

ಆಮೇಲೆ ಸೋಚುವಿನ ಕಣ್ಣು ಕಂಡಿತು. ಅವಳು ಚಕ್ರವನ್ನೂ ನೋಡುತ್ತಿರಲಿಲ್ಲ, ಕಲ್ಲನ್ನೂ ನೋಡುತ್ತಿರಲಿಲ್ಲ. ಅವನ ಕೈಯನ್ನು ನೋಡುತ್ತಿದ್ದಳು. ಅವನೂ ಬಗ್ಗಿ ನೋಡಿದ.

ಹಳಿಯ ಮೇಲೆ ಸ್ಪ್ಯಾನರು ಕುಣಿಯುತ್ತಿತ್ತು. ಸುತ್ತಿಗೆ ತಾನಾಗಿ ತೆವಳಿಕೊಂಡು ಅಂಚಿಗೆ ಬಂದಿತ್ತು. ನೀರಿನ ಹನಿಗಳು ಕಾದ ಬಾಣಲೆಯ ಮೇಲೆ ಬಿದ್ದಂತೆ ಎಗರುತ್ತಿದ್ದವು. ಅವುಗಳ ನಡುವೆ ಅವನ ಕೈ, ಯಾರೋ ಮರೆತು ಬಿಟ್ಟುಹೋದ ಕೈಗವಸಿನ ಹಾಗೆ, ಆರಾಮವಾಗಿ ಬಿದ್ದಿತ್ತು.

"ಮಾವ," ಎಂದಳು ಸೋಚು. ಅವನಿಗೆ ಕೇಳಿಸಿದ್ದು ಸದ್ದಲ್ಲ, ತುಟಿಯ ಆಕಾರ. ಅವಳು ಕೆಂಪು ಗುಂಡಿಗೆ ಗುದ್ದಿ ಓಡಿ ಬಂದಳು. ಗುಂಡಿ ಗುದ್ದಿದ ಮಾತ್ರಕ್ಕೆ ಅಷ್ಟು ಭಾರದ ಚಕ್ರ ನಿಲ್ಲುವುದಿಲ್ಲ, ತನ್ನ ಓಟವನ್ನು ಓಡಿಯೇ ನಿಲ್ಲುತ್ತದೆ. ಅವಳು ಅವನ ಎದೆಗೆ ಕೈ ಕೊಟ್ಟು ತಳ್ಳಿದಳು. ಅವನು ಮಗ್ಗುಲಾಗಿ ಕೆಸರಿನಲ್ಲಿ ಬಿದ್ದ. ಬೀಳುವಾಗ ಒಂದು ಚಿಕ್ಕ ಸದ್ದು ಕೇಳಿಸಿತು, ಕಡಲೆಕಾಯಿ ಒಡೆದಷ್ಟೇ. ಚಕ್ರದ ಅಂಚಿನಿಂದ ಒಂದು ಹಲ್ಲು ಕಿತ್ತು ಹಾರಿತ್ತು. ಅವನ ಎದೆಯಿದ್ದ ಜಾಗದಲ್ಲಿ ಸೋಚುವಿನ ತೋಳಿತ್ತು.

ಈ ಊರಿನಲ್ಲಿ ಆಮೇಲಿನ ಮಾತನ್ನು ಯಾರೂ ದೊಡ್ಡದು ಮಾಡಿ ಹೇಳುವುದಿಲ್ಲ. ಅವಳು ಕೂಗಲಿಲ್ಲ. ಕೆಸರಿನಲ್ಲಿ ಕೂತು ತನ್ನ ಬಲಗೈಯನ್ನು ಎಡಗೈಯಿಂದ ಮಡಿಲಲ್ಲಿ ಇಟ್ಟುಕೊಂಡಳು, ಬೇರೆಯವರ ಮಗುವನ್ನು ಹಿಡಿದುಕೊಂಡ ಹಾಗೆ. "ಮಾವ, ನಿಮಗೇನಾಗಿದೆ," ಎಂದಳು. "ನಿಮ್ಮ ಕೈಗೇನಾಗಿದೆ." ಕುವಾ ಕೈಯನ್ನು ಬೆನ್ನ ಹಿಂದೆ ಮರೆಸಿದ. "ನಿಮ್ಮ ಕೈ ಇದೆಯಲ್ಲ ಅಂತ ನಾನು," ಎಂದಳು, ಅಷ್ಟಕ್ಕೆ ನಿಲ್ಲಿಸಿದಳು.

ಅವಳನ್ನು ಆಸ್ಪತ್ರೆಗೆ ಒಯ್ಯಲು ಕಲ್ಲಿನ ಬುದ್ಧನನ್ನು ಇಳಿಸಿ ಒಂದು ಲಾರಿ ಖಾಲಿ ಮಾಡಿದರು. ಓಂಗ್ ತನ್ನ ಬೆಲ್ಟು ಬಿಚ್ಚಿ ಅವಳ ತೋಳಿಗೆ ಬಿಗಿದ. ಹತ್ತಲು ಬಂದ ಕುವಾನನ್ನು ಅವನು ಎದೆಗೆ ಅಂಗೈ ಕೊಟ್ಟು ತಡೆದ.

"ನೀವು ಇಲ್ಲೇ ಇರಿ."

"ಅವಳಿಗೆ ಇರೋದು ನಾನೊಬ್ಬನೇ ಓಂಗ್."

"ಇರಿ ಅಂದೆ." ಲಾರಿ ಹೊರಟ ಮೇಲೆ ಓಂಗ್ ಕಿಟಕಿಯಿಂದ ತಲೆ ಹಾಕಿ ಆಳುಗಳಿಗೆ ಕೂಗಿ ಹೇಳಿದ: "ಯಾರೂ ಯಂತ್ರ ಮುಟ್ಟಬೇಡಿ. ನಾನು ಬಂದು ನೋಡಬೇಕು. ಏನಾಯ್ತು ಅಂತ ನೋಡಬೇಕು."

ಆಳುಗಳು ಹೊರಗೆ ರಸ್ತೆಯ ಬದಿ ಕೂತು ಬೀಡಿ ಸೇದಿದರು. ಮಧ್ಯಾಹ್ನ ಒಬ್ಬನ ಫೋನು ಬಡಿಯಿತು. ಅವನು ಶೆಡ್ಡಿನ ಬಾಗಿಲಿಗೆ ಬಂದು, ಒಳಗೆ ಬರದೆ, "ಜೀವಕ್ಕೇನಿಲ್ಲವಂತೆ ಅಜ್ಜ," ಎಂದ. ನೆಲ ನೋಡಿದ. "ಕೈ ಉಳಿಯಲ್ಲವಂತೆ. ಮೊಣಕೈಯಿಂದ ತೆಗೀತಾರಂತೆ. ಯಜಮಾನ್ರು ಹೊರಟಿದಾರೆ, ಇಲ್ಲಿಗೆ ಬರ್ತಿದಾರೆ."

ಕುವಾ ತಲೆ ಆಡಿಸಿದ. ಅವನು ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕೂತು ಯಂತ್ರವನ್ನು ನೋಡುತ್ತಿದ್ದ. ಕೆಂಪು ಪಟ್ಟಿಯ ಗಂಟು ಬಿಚ್ಚಿಹೋಗಿತ್ತು. ಚಕ್ರ ಕಲ್ಲಿನ ಅರ್ಧದಲ್ಲಿ, ಒಂದು ಹಲ್ಲಿಲ್ಲದೆ, ಬಾಯಿ ಕಚ್ಚಿಕೊಂಡು ನಿಂತಿತ್ತು. ಆಮೇಲೆ ಅವನ ಕಣ್ಣು ಹಳೆಯ ಅಭ್ಯಾಸಕ್ಕೆ ತೊಲೆಯ ಬದಿಗೆ ಹೋಯಿತು.

ತೊಲೆಯ ಬದಿ ಒಣಗಿತ್ತು. ಒಂದು ಗೆರೆಯೂ ಇಲ್ಲ.

ಸ್ಪ್ಯಾನರು ಕುಣಿದಿದೆ, ಸುತ್ತಿಗೆ ತೆವಳಿದೆ, ಚಕ್ರದ ಹಲ್ಲು ಕಿತ್ತಿದೆ, ಚಹಾ ತುಳುಕಿಲ್ಲ. ಈ ಸೀಮೆಯಲ್ಲಿ ಎಷ್ಟು ದೊಡ್ಡ ಸುಳ್ಳನ್ನೂ ಕುವಾ ಸಲೀಸಾಗಿ ಹೇಳಬಲ್ಲವನಾಗಿದ್ದ, ಕೇಳಬಲ್ಲವನೂ ಆಗಿದ್ದ. ಇಂಥದ್ದನ್ನು ಅವನು ಎಲ್ಲೂ ಕೇಳಿರಲಿಲ್ಲ. ಅವನು ಎದ್ದು ಏಣಿಯ ಹತ್ತಿರ ಹೋದ. ಮೆಟ್ಟಿಲು ಹಿಡಿದದ್ದು ಕೈಗೆ ತಿಳಿಯುತ್ತಿರಲಿಲ್ಲ, ಆದ್ದರಿಂದ ಪ್ರತಿ ಸಲ ಬೆರಳುಗಳನ್ನು ನೋಡಿ, ಮಡಚಿದ್ದು ಖಾತ್ರಿ ಮಾಡಿಕೊಂಡು, ಒಂದೊಂದೇ ಕಾಲಿಟ್ಟು ಹತ್ತಿದ.

ಬಟ್ಟಲು ಅಂಚಿನ ತನಕ ತುಂಬಿಯೇ ಇತ್ತು. ಚಹಾದ ಮೇಲೆ ಕಲ್ಲಿನ ಪುಡಿಯ ತೆಳ್ಳನೆಯ ಕೆನೆ ಕಟ್ಟಿತ್ತು. ಅವನು ತಟ್ಟೆಯನ್ನು ಎರಡು ಕೈಯಿಂದ ಎತ್ತಿ ಪಕ್ಕಕ್ಕಿಟ್ಟ. ಕೆಳಗೆ ನಾಲ್ಕಾರು ಮಡಿಕೆ ಮಾಡಿ, ನೀಟಾಗಿ ಅಂಚು ಕೂಡಿಸಿ ಇಟ್ಟಿದ್ದ ಬಟ್ಟೆಯ ತುಂಡು. ಬಿಳಿಯ ಮೇಲೆ ನೀಲಿ ಸಣ್ಣ ಹೂವು. ಅವನು ಅದನ್ನು ಬೆರಳುಗಳ ನಡುವೆ ಹಿಡಿದು ಹಿಸುಕಿದ. ಒದ್ದೆಯಿದೆಯೋ ಒಣಗಿದೆಯೋ ತಿಳಿಯಲಿಲ್ಲ. ಕೆನ್ನೆಗೆ ಒತ್ತಿಕೊಂಡ. ಒದ್ದೆಯಾಗಿತ್ತು, ತಣ್ಣಗಿತ್ತು; ಯಂತ್ರದ ನಡುಕ ಹೀರಲೆಂದು ಅವಳು ನೆನೆಸಿ ಇಟ್ಟದ್ದು.

ಹೊರಗೆ ರಸ್ತೆಯ ತಿರುವಿನಲ್ಲಿ ಲಾರಿಯ ಹಾರನ್ ಕೇಳಿಸಿತು. ಆಳುಗಳು ಎದ್ದು ನಿಂತರು.

ಕುವಾ ಬಟ್ಟೆಯನ್ನು ಮಡಿಕೆ ಬಿಚ್ಚದೆ ಅಂಗಿಯೊಳಗೆ, ಎದೆಯ ಹತ್ತಿರ ತುರುಕಿಕೊಂಡ. ತಟ್ಟೆಯನ್ನು ಬರಿ ಕಬ್ಬಿಣದ ಮೇಲೆ, ಮೊದಲಿದ್ದ ಜಾಗದಲ್ಲೇ ಇಟ್ಟ. ಆಮೇಲೆ ಬಟ್ಟಲಿನ ಅಂಚಿಗೆ ಬೆರಳು ತಾಗಿಸಿ, ತಾಗಿತೇ ಎಂದು ನೋಡಿ, ಮೆಲ್ಲಗೆ ಬಾಗಿಸಿದ. ಚಹಾ ತಟ್ಟೆ ತುಂಬಿ, ತಟ್ಟೆಯಿಂದ ತೊಲೆಗೆ ಹರಿದು, ಅಂಚಿನಲ್ಲಿ ಒಂದು ಗಳಿಗೆ ಯೋಚಿಸಿದ ಹಾಗೆ ನಿಂತು, ತುಕ್ಕು ಹಿಡಿದ ಬದಿಯ ಮೇಲೆ ಇಳಿಯಿತು. ಅವನು ಏಣಿ ಇಳಿದು ಬಂದು ಬಕೆಟ್ಟಿನ ಮೇಲೆ ಕೂತು ಮೇಲೆ ನೋಡಿದ. ಗೆರೆ ಇನ್ನೂ ಉದ್ದವಾಗುತ್ತಿತ್ತು, ಬಾಗಿಲಿನಿಂದ ಬರುವವರಿಗೆ ಮೊದಲು ಅದೇ ಕಾಣುವ ಹಾಗೆ.